ಹೆಬ್ಬೆರಳು ಹೇಳಿದ ಸುಳ್ಳು

“ಕಣ್ಣ ಮುಚ್ಚರಿ.”

ಅರ್ಚನಾ ಮುಚ್ಚಿದಳು. ಔಷಧ ಪರೀಕ್ಷೆಯ ನರ್ಸ್ ಗುರುಪಾದ ಬಡಿದರೆ ಕಂಪಿಸುವ ಎರಡು ಕವಲಿನ ಉಕ್ಕಿನ ಫೋರ್ಕನ್ನು ಅಂಗೈಗೆ ಬಡಿದ ಸದ್ದು ಕೇಳಿಸಿತು. ಅದರ ಹಿಡಿ ತನ್ನ ಕಾಲಿನ ಹೆಬ್ಬೆರಳಿಗೆ ತಗುಲಿತೋ ಇಲ್ಲವೋ... ಅವಳಿಗೆ ತಿಳಿಯಲಿಲ್ಲ.

“ಗುಂಯ್ ಅನ್ನಾಕತ್ತೈತ್ರಿ,” ಎಂದಳು.

“ನಿಂತಾಗ ಹೇಳ್ರಿ.”

ಮನಸ್ಸಿನಲ್ಲೇ ಹನ್ನೆರಡು ಎಣಿಸಿದಳು. “ಈಗ ನಿಂತಿತ್ರಿ.”

ಕಣ್ಣು ತೆರೆದರೆ, ಅವನು ಕವಲುಗಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದ. ಫೋರ್ಕು ಅವಳ ಬೆರಳ ಮೇಲೆ ನಡುಗಿರಲೇ ಇಲ್ಲ!

“ಇಷ್ಟ ದಿನಾ ಬಡದ ಸಪ್ಪಳ ಕೇಳಿ ಹೇಳ್ತಿದ್ರಿ, ಹೌದಲ್ಲ? ಹಿಮ್ಮಡ್ಯಾಗ ಜಾಲಿಮುಳ್ಳ ಮುರದೈತಿ, ನೋಡ್ರಿ. ರಕ್ತ ಒಣಗೇತಿ.”

ನೋಡಿದಳು. ಯಾರದೋ ಕಾಲಿನಂತಿತ್ತು. ಅಳು ಕೂಡ ಬರಲಿಲ್ಲ.

ಒಳಗಿನಿಂದ ತಾಯಿ ಲಗಮವ್ವ ಕೂಗಿದಳು: “ಏನ್ರಿ ಗುರುಪಾದ, ಗೋಕಾಕದಿಂದ ನಮ್ಮ ದಡ್ಡಿ ಊರತನಕ ಗಾಡಿ ಹೊಡ್ಕೊಂಡ ಬರ್ತೀರಿ, ನನ್ನ ಮಗಳ ಕಾಲಷ್ಟ ನೋಡಿ ಹೋಗ್ತೀರಿ! ಚಾ ಕುಡೀರಿ.”

ಇಬ್ಬರೂ ನಗಲಿಲ್ಲ.

ಕ್ಷಯಕ್ಕೆ ಬಂದ ಹೊಸ ಮಾತ್ರೆ ಅದು, ಇನ್ನೂ ಪರೀಕ್ಷೆಯಲ್ಲಿತ್ತು. ಹಳೆಯ ಮಾತ್ರೆಗಳಿಗೆ ಅವಳ ರೋಗ ಬಗ್ಗಿರಲಿಲ್ಲ. ಇದನ್ನು ನುಂಗಿದ ಮೇಲೆ ಕೆಮ್ಮು ಹೋಯಿತು, ತೂಕ ಏರಿತು. ಆದರೆ ಪಾದಗಳು ಮೆಲ್ಲಗೆ ಅವಳನ್ನು ಬಿಟ್ಟು ಹೋದವು.

“ಮಾತ್ರಿ ನಿಲ್ಲಸ್ತಾರಂತ ಅಂಜಿದ್ರೇನು?”

“ಇಲ್ರಿ. ಕಾಲ ಜೋಮ ಹಿಡದಾವು ಅಂದ್ರ ಬೆಳಗಾವಿಗೆ ಕಳಸಿ ಬ್ಯಾರೆ ಮಾತ್ರಿ ಕೊಡ್ತಾರ. ಆಮ್ಯಾಲ... ನೀವು ಬರಂಗಿಲ್ಲಲ್ಲ.”

ಹೇಳಿಬಿಟ್ಟಳು! ಎದೆ ಬಡಿದುಕೊಳ್ಳಬೇಕಿತ್ತು. ಅದೂ ಜೋಮು ಹಿಡಿದಂತೆ ಸುಮ್ಮನಿತ್ತು.

ಗುರುಪಾದ ಚಿಮಟಿಗೆಯಿಂದ ಮುಳ್ಳು ಕಿತ್ತ.

“ನಾನೂ ಇಲ್ಲಿಗೆ ಬರೋ ಗುರುವಾರದ ದಾರಿ ಕಾಯ್ತೇನಿ. ನಮ್ಮೂರ ಕಲ್ಲೋಳ್ಯಾಗ ನಮ್ಮವ್ವನ ಮುಂದ ನಿಮ್ಮ ಹೆಸರೂ ಹೇಳೇನಿ...” ದನಿ ತಗ್ಗಿತು. “ಪರೀಕ್ಷೆ ಮುಗಿಯಾಕ ಇನ್ನ ಆರ ವಾರ ಉಳದಾವು. ‘ಸರಿ ಐತಿ’ ಅಂತ ಬರದಬಿಡ್ತೇನಿ. ಯಾರಿಗೂ ಗೊತ್ತಾಗಂಗಿಲ್ಲ.”

ಎಷ್ಟು ವಾರಗಳಿಂದ ಕಾದ ಮಾತು! ಬಂದದ್ದು ಹೀಗೆ, ಒಂದು ಸುಳ್ಳನ್ನು ಕಂಕುಳಲ್ಲಿಟ್ಟುಕೊಂಡು.

“ಎಲ್ಲಾರೂ ‘ಸರಿ ಐತಿ’ ಅಂದ್ರ ಏನ ಮಾಡ್ತಾರ್ರಿ?”

ಅವನು ತಡವರಿಸಿದ. “ಮುಂದಿನ ತಿಂಗಳ ಮೂಡಲಗಿ ಕಡಿ ಹನ್ನೆರಡ ಮಂದಿಗೆ... ಈ ಮಾತ್ರಿ ಎರಡ ಪಟ್ಟ ಕೊಡ್ತಾರ.”

ಹನ್ನೆರಡು ಜೊತೆ ಕಾಲುಗಳು. ಕೆಂಡ ತುಳಿದರೂ ತಿಳಿಯದ ಕಾಲುಗಳು.

“ಏನೂ ಗೊತ್ತಾಗಂಗಿಲ್ಲ ಅಂತ ಬರೀರಿ. ಮೂರ ತಿಂಗಳಿಂದ ಸುಳ್ಳ ಹೇಳೇನಿ ಅಂತನೂ ಬರೀರಿ.”

“ಮತ್ತ ನನಗ ಇಲ್ಲಿ ಬರಾಕ ಕಾರಣ ಇರಂಗಿಲ್ಲ, ಅರ್ಚನಾ.”

“ಕಾರಣ ಇಲ್ದ ಬರ್ರಿ.”

ಅವನು ಅವಳ ಮುಖ ನೋಡಿದ. ಪೆನ್ನಿನ ಮುಚ್ಚಳ ತೆಗೆದ. ಆದರೂ ಬರೆಯಲಾರದೆ ಕೂತ.

“ಇದೊಂದ ವಾರ ಅಷ್ಟ... ಸರಿ ಐತಿ ಅಂತ?”

“ಬ್ಯಾಡ. ಖರೇನ ಬರೀರಿ.”