ತೊಟ್ಟಿಲು ಬಂಡೆಯ ಬೆಂಕಿ

ಈ ಮೊಣಕಾಲು ಮೇಲಕ್ಕೇನೋ ಒಯ್ದೀತು, ಕೆಳಗೆ ತಂದೀತೇ? ಅರ್ಧ ಗುಡ್ಡ ಹತ್ತಿದ ಮೇಲೆ ಇಂದ್ರೇಶನಿಗೆ ಈ ಅನುಮಾನ ಶುರುವಾಯಿತು. ಈಗಲೇ ಹಿಂತಿರುಗಿದರೆ ಯಾರಿಗೂ ತಿಳಿಯುವುದಿಲ್ಲ. ತಿಳಿಯಲು ಅವನು ಯಾರಿಗೆ ತಾನೇ ಹೇಳಿ ಬಂದಿದ್ದ?

ಎರಡು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಮೊಣಕಾಲಿಗೆ ಆಪರೇಷನ್ ಆಗಿತ್ತು. ಅಂದಿನಿಂದ ಅವನು ಅರಸೀಕೆರೆಯ ಮನೆಯಲ್ಲಿ ಮೆಟ್ಟಿಲಿಳಿದರೂ ಅಕ್ಕ ಅರುಣಾ ಓಡಿಬಂದು ರಟ್ಟೆ ಹಿಡಿಯುತ್ತಿದ್ದಳು. ಆ ಹಿಡಿತ ಸಾಕಾಗಿತ್ತು. ಒಬ್ಬನೇ ಕರಿಗಲ್ಲು ಗುಡ್ಡ ಹತ್ತಬೇಕು, ತುದಿಯ ತೊಟ್ಟಿಲು ಬಂಡೆಯ ಮೇಲೆ ನಿಲ್ಲಬೇಕು, ಸಂಜೆಯ ಬಸ್ಸಿಗೆ ತನ್ನ ಕಾಲ ಮೇಲೇ ಇಳಿದು ಬರಬೇಕು. ಹಾಗೆಂದುಕೊಂಡು ಬೆಳಗಿನ ಮೊದಲ ಬಸ್ಸಿಗೇ ಹೊರಟುಬಂದಿದ್ದ.

ಬುಡದಲ್ಲಿ ಆಡು ಕಾಯುವವನೊಬ್ಬ ತಡೆದು ಕೇಳಿದ್ದ: "ಯಾವ ಕಡೀಕೆ ಸ್ವಾಮಿ, ಸವಾರಿ?"

ಹೊರಟವರನ್ನು ಎಲ್ಲಿಗೆಂದು ಕೇಳಬಾರದು, ಕೇಳಿದರೆ ನಿಜ ಹೇಳಬಾರದು. ಇಂದ್ರೇಶನ ಮನೆಯ ರೂಢಿಯೇ ಅದು. "ಇಲ್ಲೇ, ಕೆರೆ ಕಡೆ," ಎಂದ.

"ಕೆರೆ ಕಡೀಕೆ ಅಷ್ಟು ದಪ್ಪ ಬೂಟ್ಯಾಕೆ? ಮೀನು ಹೆದರ್ಸಕ್ಕಾ?"

ಇಂದ್ರೇಶ ನಗಲಿಲ್ಲ. ಆಡಿನವನು ಆ ಕಡೆ ತಿರುಗಿದ ಮೇಲೆ ಬೇಲಿ ಮರೆಯಿಂದ ಗುಡ್ಡದ ದಾರಿ ಹಿಡಿದ.

ಗುಡ್ಡಕ್ಕೆ ಅವನು ಬೇಕಾಗಿರಲಿಲ್ಲ. ಕಾರೆಮುಳ್ಳು ಅಂಗಿ ಎಳೆಯಿತು, ಸಡಿಲ ಕಲ್ಲುಗಳು ಹೆಜ್ಜೆಯಡಿಯಿಂದ ಜಾರಿಕೊಂಡವು. ಸೊಂಟದೆತ್ತರದ ಒಣ ಬಾದೆಹುಲ್ಲು ಎರಡೂ ಕಡೆಯಿಂದ ಮುಂಗೈ ಕೊಯ್ಯಿತು. ಮಾರ್ಚಿನ ಬಿಸಿಲಿಗೆ ಬಂಡೆ ಮುಟ್ಟಿದರೆ ಅಂಗೈ ಚುರ್ ಎನ್ನುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಊದಿ ಪ್ಯಾಂಟಿಗೆ ಬಿಗಿಯಾಯಿತು. ಆದರೂ ಹತ್ತಿದ.

ತೊಟ್ಟಿಲು ಬಂಡೆಯ ಮೇಲೆ ನಿಂತಾಗ ಪಡುವಣ ಗಾಳಿ ಮುಖಕ್ಕೆ ಹೊಡೆಯಿತು. ಕೆಳಗೆ ಹಳೇಬೀಡಿನ ಕೆರೆ ಬೇಸಿಗೆಗೆ ಬತ್ತಿ, ಅಂಚಿನ ಕೆಸರು ಬಿರಿದು, ನಡುವೆ ಮಾತ್ರ ಹೊಳೆಯುತ್ತಿತ್ತು. ಬೇಲೂರಿನಾಚೆ ಮಲೆನಾಡಿನ ಗಿರಿಸಾಲು ಮಾಸಲು ನೀಲಿ. ಹಿಂದಕ್ಕೆ ತಿರುಗಿದರೆ ಅರಸೀಕೆರೆಯ ದಿಕ್ಕಿಗೆ ತೆಂಗಿನ ತೋಟಗಳ ಕಪ್ಪು ಹಸುರು. ಇಂದ್ರೇಶ ಫೋಟೋ ತೆಗೆಯಲಿಲ್ಲ. ರಟ್ಟೆ ಹಿಡಿಯುವವರಿಲ್ಲ, ಹುಷಾರು ಎನ್ನುವವರಿಲ್ಲ. ಆ ಮೌನದಲ್ಲಿ ಬಹಳ ಹೊತ್ತು ಕೂತ.

ಚಿಟ್. ಚಿಟಿಚಿಟಿ.

ಎದ್ದು ನೋಡಿದ. ಕೆಳಗಿನ ಇಳಿಜಾರಿನಲ್ಲಿ ಹೊಗೆ. ಮಳೆಗೆ ಹೊಸ ಹುಲ್ಲು ಚಿಗುರಲೆಂದು ಯಾರೋ ಹಳೆಯ ಹುಲ್ಲಿಗೆ ಬೆಂಕಿಯಿಟ್ಟಿದ್ದರು. ಗುಡ್ಡದಲ್ಲಿ ಯಾರೂ ಇಲ್ಲವೆಂದೇ ಇಟ್ಟಿದ್ದರು.

ಗಾಳಿ ಬೆಂಕಿಯನ್ನು ಮೇಲಕ್ಕೆ ಅಟ್ಟಿತು. ಇಳಿಯುವ ಕಾಲುದಾರಿ ಕಣ್ಣೆದುರೇ ಮುಚ್ಚಿತು. ಪೊದೆ ಸೀಳಿಕೊಂಡು ಕರಡಿಯೊಂದು ಹೊರಬಿದ್ದು, ಅವನತ್ತ ನೋಡದೆ ಬಂಡೆಯ ಪಕ್ಕದಲ್ಲೇ ಓಡಿ ಮರೆಯಾಯಿತು. ಅದರ ಹಿಂದೆ ಓಡಲು ಅವನ ಕಾಲು ಒಪ್ಪಲಿಲ್ಲ.

ಬಂಡೆ ಚಿಕ್ಕದು, ಸುತ್ತ ಒಣ ಪೊದೆ. ಇಲ್ಲೇ ನಿಂತರೆ ಬೇಯುವುದು ಖಂಡಿತ.

ಕರಡಿ ಬೆದರಿಸಲೆಂದು ತಂದಿದ್ದ ಪಟಾಕಿ ಜೇಬಿನಲ್ಲೇ ಸಿಡಿದೀತೆಂದು ದೂರ ಎಸೆದ. ಬೆಂಕಿಪೊಟ್ಟಣ ಉಳಿಸಿಕೊಂಡ. ಬಂಡೆಯ ಹಿಂಬದಿಗೆ ಜಾರಿ ಕಡ್ಡಿ ಗೀರಿದ. ಆರಿತು. ಇನ್ನೊಂದು. ಅದೂ ಆರಿತು. ಮೂರನೆಯದು ಹುಲ್ಲಿಗೆ ತಾಗಿತು. ಅವನ ಬೆಂಕಿ ಗಾಳಿಯ ಜೊತೆ ಆಚೆಗೆ ಓಡಿ, ಕರಿ ನೆಲ ಬಿಟ್ಟುಹೋಯಿತು. ಆ ಬಿಸಿ ಬೂದಿಗೆ ನುಗ್ಗಿ, ಬಾಟಲಿಯ ನೀರನ್ನು ಟವೆಲಿಗೆ ಸುರಿದು, ಮುಖಕ್ಕೆ ಒತ್ತಿಕೊಂಡು ಬೋರಲಾಗಿ ಬಿದ್ದ.

ದೊಡ್ಡ ಬೆಂಕಿ ಬಂಡೆಯ ಎರಡೂ ಮಗ್ಗುಲಲ್ಲಿ ಮೊರೆಯುತ್ತ ಬಂತು. ಕೂದಲು ಸೀದಿತು. ಬೂಟಿನ ಅಡಿ ಮೆತ್ತಗಾಯಿತು. ಉರಿಯಲು ಹುಲ್ಲು ಸಿಗದೆ ಬೆಂಕಿ ಅಲ್ಲಿಗೇ ನಿಂತಿತು.

"ಯಾರ್ಲಾ ಅದು ಮ್ಯಾಲೆ!"

ಹೊಗೆಯೊಳಗಿಂದ ಆಡು ಕಾಯುವವನು ಹತ್ತಿ ಬರುತ್ತಿದ್ದ. ಹೊಂಗೆ ಸೊಪ್ಪಿನ ಕೊಂಬೆಯಿಂದ ದಾರಿಯಂಚಿನ ಕಿಡಿ ಬಡಿಯುತ್ತಿದ್ದ. ಅಂಗೈ ಬೊಬ್ಬೆಯೆದ್ದು ಕೆಂಪಾಗಿತ್ತು.

"ಕೆರೆ ಕಡೀಕೆ ಅಂದಲ್ಲಪ್ಪಾ, ಇದೇ ಏನ್ಲಾ ನಿನ್ ಕೆರೆ?"

"ಹಚ್ಚೋಕೆ ಮುಂಚೆ ಒಂದ್ಸಲ ಕೂಗ್ಬಾರ್ದಿತ್ತಾ?" ಇಂದ್ರೇಶ ಕೆಮ್ಮುತ್ತ ಕೇಳಿದ.

"ಯಾರು ಅವ್ರೆ ಅಂತ ಕೂಗ್ಲಿ? ಕರಡೀಗಾ? ನೀನು ಸತ್ತಿದ್ರೆ ಈ ತಿಮ್ಮಯ್ಯನೇ ಕೊಂದ ಅನ್ನೋರು ಕಣೋ ಜನ. ಕೆರೆ ಕಡೀಕೆ ಹೊಂಟ್ನಂತೆ, ಕೆರೆ ಕಡೀಕೆ! ನಡಿ."

ತಿಮ್ಮಯ್ಯ ಕೈ ಕೊಡಲಿಲ್ಲ, ಇಂದ್ರೇಶ ಕೇಳಲೂ ಇಲ್ಲ. ಒಬ್ಬ ಮುಂದೆ ಕಿಡಿ ಬಡಿಯುತ್ತ, ಇನ್ನೊಬ್ಬ ಹಿಂದೆ ಕಾಲೆಳೆಯುತ್ತ ಮೂರು ಗಂಟೆ ಇಳಿದರು. ಎರಡು ಸಲ ಇಂದ್ರೇಶ ಬಿದ್ದ. ಎರಡು ಸಲವೂ ತಾನೇ ಎದ್ದ. ಬುಡ ಮುಟ್ಟಿದೊಡನೆ ತಿಮ್ಮಯ್ಯ ತಿರುಗಿಯೂ ನೋಡದೆ ಆಡುಗಳನ್ನು ಹುಲಿಕೆರೆಯ ದಾರಿಗೆ ಹೊಡೆದುಕೊಂಡು ಹೋದ.

ರಸ್ತೆಯಲ್ಲಿ ಫಾರೆಸ್ಟ್ ಗಾರ್ಡ್ ಶಶಿಕಿರಣ್ ಜೀಪಿಗೆ ಒರಗಿ ಹೊಗೆ ನೋಡುತ್ತಿದ್ದ. ಮಸಿ ಮೆತ್ತಿದ ಇಂದ್ರೇಶನ ಜೇಬು ತೋರಿಸಿ, ಒಳಗಿದ್ದುದನ್ನು ತೆಗೆಯಲು ಹೇಳಿದ. ಬೆಂಕಿಪೊಟ್ಟಣ ಹೊರಬಂತು.

"ಹಚ್ಚಿದ್ದು ನೀವಾ?"

"ಬಂಡೆ ಹಿಂದಿಂದು ನಾನು. ಜೀವ ಉಳಿಸ್ಕೊಳ್ಳೋಕೆ."

"ಮುಂದಿಂದು?"

ಇಂದ್ರೇಶ ಗುಡ್ಡದ ಕಡೆ ನೋಡಿದ.

"ಹೇಳಲ್ವಾ? ಹಾಗಾದ್ರೆ ಎರಡೂ ನಿಮ್ಮ ಲೆಕ್ಕಕ್ಕೇ ಬರುತ್ತೆ. ನಾಳೆ ಆಫೀಸಿಗೆ ಬನ್ನಿ. ಬರೋಕಾಗುತ್ತಾ, ಹೀಗೆ ಕುಂಟ್ತಿದ್ದೀರಾ?"

"ನಡ್ಕೊಂಡೇ ಬರ್ತೀನಿ," ಎಂದ ಇಂದ್ರೇಶ. ದಿನವೆಲ್ಲ ಅವನ ಮುಖದಲ್ಲಿ ಮೂಡದಿದ್ದ ನಗು ಆಗ ಮೂಡಿತು.

ತಿಮ್ಮಯ್ಯನ ಹೆಸರನ್ನು ಅವನು ಅಂದೂ ಹೇಳಲಿಲ್ಲ, ಮಾರನೆಯ ದಿನ ಆಫೀಸಿನಲ್ಲೂ ಹೇಳಲಿಲ್ಲ.