ಮುಕ್ಕೋನ ಚಿಪ್ಸ್ ಚೂರಾದ ದಿನ

"ಟೀಚರ್, ನಮ್ಮಪ್ಪ ತಪ್ಪು ಒಪ್ಕೊಂಡುಬಿಟ್ಟಿದಾರೆ. ಆದ್ರೆ ಆ ತಪ್ಪು ಅವರು ಮಾಡಿಲ್ಲ!"

ಬೆಳಿಗ್ಗೆಯೇ ಬಾಗಿಲಲ್ಲಿ ನಿಂತು ಅತ್ತವಳು ನಮ್ಮ ಅತ್ತಿಗೆಯ ಹಳೆಯ ವಿದ್ಯಾರ್ಥಿನಿ. ಶಾಲೆಯಿಂದ ನಿವೃತ್ತರಾದ ಮೇಲೆ ಊರವರ ಕಗ್ಗಂಟು ಬಿಡಿಸುವುದೇ ಅತ್ತಿಗೆಯ ಕೆಲಸ. ಅವರ ಚೀಲ ಹೊತ್ತು ಹಿಂದೆ ಅಲೆಯುವುದು ಮೈದುನನಾದ ನನ್ನ ಹಣೆಬರಹ.

ದೇಶದ ಮಕ್ಕಳೆಲ್ಲ ಕುರುಕುವ 'ಮುಕ್ಕೋನ' ಚಿಪ್ಸ್ ಕಾರ್ಖಾನೆಯಲ್ಲಿ ಅವಳ ತಂದೆ ಮೆಕ್ಕೆಜೋಳ ಬೇಯಿಸುವವರು. ಸುಣ್ಣದ ನೀರಿನಲ್ಲಿ ಬೇಯಿಸಿದರೇ ಹಿಟ್ಟು ಅಂಟಿಕೊಳ್ಳುವುದು. ಹಿಂದಿನ ದಿನ ಹಿಟ್ಟು ಹಿಡಿಯದೆ ಇಡೀ ದಿನದ ಚಿಪ್ಸ್ ಪೊಟ್ಟಣದಲ್ಲೇ ಚೂರುಚೂರಾಗಿತ್ತು. ಸುಣ್ಣ ಹಾಕಲು ಮರೆತೆ ಎಂದು ಅವರೇ ಹೇಳಿದ್ದರು.

"ಸಂಜೆಯೊಳಗೆ ಕೆಲಸದಿಂದ ತೆಗೀತಾರಂತೆ. ಮೂವತ್ತು ವರ್ಷದ ಹೆಸರು ಮಣ್ಣುಪಾಲಾಗುತ್ತೆ, ಟೀಚರ್!"

ಅತ್ತಿಗೆ ಕಾಫಿ ಲೋಟ ಕೆಳಗಿಟ್ಟರು. ನನ್ನ ಲೋಟವನ್ನೂ ಕಿತ್ತು ಕೆಳಗಿಟ್ಟರು.

"ಒಪ್ಕೊಂಡ ಮೇಲೆ ಪತ್ತೆ ಮಾಡೋದೇನಿದೆಯಮ್ಮಾ?" ಎಂದು ಕಾರ್ಖಾನೆಯಲ್ಲಿ ಮ್ಯಾನೇಜರ್ ಗೊಣಗಿದ. ಅತ್ತಿಗೆ ಜೋಳ ತೊಳೆಯುವ ತೊಟ್ಟಿಯ ಜಾಲರಿಗೆ ಬಗ್ಗಿದರು. ಹಿಂದಿನ ದಿನದ ಕಸ ಅಲ್ಲೇ ಇತ್ತು: ಕಾಳಿನಿಂದ ಸುಲಿದು ಬಂದ ತೆಳು ಸಿಪ್ಪೆಯ ರಾಶಿ. ಆಮೇಲೆ ಮಿಕ್ಕಿದ ಹಿಟ್ಟನ್ನು ನನ್ನ ಬೆರಳಿಗೆ ಸವರಿದರು. ರವೆಯ ಹಾಗೆ ತರಿತರಿಯಾಗಿತ್ತು.

ಮೂಲೆಯ ಕಿಟಕಿಯ ಬೆಳಕಿನಲ್ಲಿ ಒಬ್ಬ ಮುದುಕ ಬೀಸುವ ಕಲ್ಲಿಗೆ ಉಳಿಯಿಂದ ಗೀರು ಹಾಕುತ್ತಿದ್ದ. ನಾವು ಎದುರಿಗೇ ನಿಂತಿದ್ದರೂ, "ಯಾರದು?" ಎಂದ. ಕೈಗೆ ದಪ್ಪನೆಯ ಹೊಸ ಗ್ಲೌಸ್.

"ಗ್ಲೌಸ್ ಯಾವಾಗಿಂದ?" ಎಂದರು ಅತ್ತಿಗೆ.

"ಹೋದ ವಾರದಿಂದ ಕಡ್ಡಾಯ ಮಾಡಿದಾರಮ್ಮ. ಮೊನ್ನೆ ರಾತ್ರಿ ಮಿಲ್ಲಿಗೆ ಕೂರಿಸಿದ ಕಲ್ಲೇ ಇದನ್ನ ಹಾಕ್ಕೊಂಡು ಕಡೆದ ಮೊದಲ್ನೇದು."

ಊಟದ ಹೊತ್ತಿಗೆ ಹುಡುಗಿಯ ತಂದೆ, ಆ ಜೋಳ ಬೇಯಿಸುವವರು, ಬಂದು ಮುದುಕನ ಪಕ್ಕ ಕೂತರು. ಅವನ ಡಬ್ಬಿ ಬಿಚ್ಚಿ, ಚಮಚವನ್ನು ಅವನ ಕೈಗೇ ಇಟ್ಟರು. ಹಸಿದ ನನಗೆ ಡಬ್ಬಿಯೊಳಗೆ ಏನಿದೆ ಎಂಬುದಷ್ಟೇ ಯೋಚನೆ. ದಡ್ಡ ನಾನು!

ಊಟವಾದ ಮೇಲೆ ಅತ್ತಿಗೆ ಎಲ್ಲರನ್ನೂ ಅಲ್ಲೇ ಸೇರಿಸಿದರು. ಮಿಲ್ಲಿನಿಂದ ಮೊನ್ನೆಯ ಕಲ್ಲನ್ನೂ ಇಳಿಸಿ ತರಿಸಿದ್ದರು.

"ಸುಣ್ಣ ಹಾಕದಿದ್ರೆ ಸಿಪ್ಪೆ ಹಾಗೆ ಸುಲಿದು ಬರಲ್ಲ. ಅಲ್ಲಿ ರಾಶಿ ಬಿದ್ದಿದೆ. ಅಂದ್ರೆ ಇವರು ಸುಣ್ಣ ಹಾಕಿದಾರೆ, ಸುಳ್ಳೂ ಹೇಳಿದಾರೆ. ಹಿಟ್ಟು ತರಿಯಾಗಿದೆ, ಅಂದ್ರೆ ಕೆಟ್ಟಿದ್ದು ಬೀಸೋವಾಗ. ಕಲ್ಲಿನ ಗೀರು ಆಳ ಇಲ್ಲ, ಅದಕ್ಕೇ ಹಿಟ್ಟು ನುಣ್ಣಗಾಗದೆ ಅಂಟಿಲ್ಲ. ಹಾಗಾದ್ರೆ ಸುಳ್ಳು ಯಾರಿಗೋಸ್ಕರ?" ಅತ್ತಿಗೆಯ ದನಿ ಮೆತ್ತಗಾಯಿತು. "ಎದುರಿಗೆ ನಿಂತವರನ್ನ ಯಾರು ಅಂತ ಕೇಳೋರಿಗೋಸ್ಕರ. ಚಮಚ ಕೈಗಿಡಬೇಕಾದವರಿಗೋಸ್ಕರ. ಈ ಅಜ್ಜನಿಗೆ ಕಣ್ಣು ಸರಿಯಾಗಿ ಕಾಣಲ್ಲ. ಬೆರಳಲ್ಲಿ ಸವರಿ ಗೀರಿನ ಆಳ ತಿಳ್ಕೊಳ್ತಿದ್ರು. ಆ ಬೆರಳಿಗೆ ಮುಸುಕು ಹಾಕಿದ್ದು ನಿಮ್ಮ ಗ್ಲೌಸು, ಮ್ಯಾನೇಜರೇ."

ಮುದುಕ ಗ್ಲೌಸ್ ಕಳಚಿ ಮೊನ್ನೆಯ ಕಲ್ಲನ್ನು ಸವರಿದ. "ಅಯ್ಯೋ... ಗೀರು ಅರ್ಧಕ್ಕೂ ಇಳಿದಿಲ್ಲ. ಈ ತಪ್ಪು ನಂದು, ಸಾರ್."

"ಕಣ್ಣು ಕಾಣದೋರ ಕೈಲಿ ಉಳಿ ಕೊಟ್ಟಿದ್ವಾ!" ಮ್ಯಾನೇಜರ್ ಹಣೆ ಚಚ್ಚಿಕೊಂಡ.

"ಹೋದ ವಾರದ ತನಕ ಒಂದು ಕಲ್ಲಾದ್ರೂ ಕೆಟ್ಟಿತ್ತಾ?" ಎಂದರು ಅತ್ತಿಗೆ, ಲೆಕ್ಕ ತಪ್ಪಿದ ಹುಡುಗನನ್ನು ಕೇಳುವ ಹಾಗೆ.

ಆತ ಬಗ್ಗಿ ಕಲ್ಲಿನ ಗೀರನ್ನು ತಾನೂ ಬೆರಳಿನಿಂದ ಸವರಿದ. "ಇಲ್ಲ," ಎಂದ. "ಯಾರನ್ನೂ ತೆಗೆಯಲ್ಲ. ಬೇಯಿಸೋರು ತಪ್ಪು ಮಾಡಿಲ್ಲ ಅಂತ ನಾನೇ ಎಲ್ಲರ ಮುಂದೆ ಹೇಳ್ತೀನಿ. ಅಜ್ಜಾ, ನೀವು ಬರಿಗೈಲೇ ಗೀರು ಹಾಕಿ, ನಾಳೆ ಮಾತ್ರ ಕಣ್ಣಿನ ಡಾಕ್ಟ್ರ ಹತ್ರ ಹೋಗ್ಬೇಕು."

ನಮ್ಮ ಜೊತೆಗೇ ಬಂದಿದ್ದ ಮಗಳು ತಂದೆಯ ತೋಳು ಹಿಡಿದು ಅತ್ತಳು. ಮುದುಕನಿಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು.

"ಹುಚ್ಚಪ್ಪ! ನನಗೋಸ್ಕರ ನಿನ್ನ ಹೆಸರು ಯಾಕೋ ಕೆಡಿಸ್ಕೊಂಡೆ?"

"ಕೆಲಸ ಹೋದ್ರೆ ನಂಗೆ ಮಗಳಿದಾಳೆ," ಎಂದರು ಬೇಯಿಸುವವರು. "ನಿಂಗೆ ಯಾರಿದಾರೋ, ನಾನು ಬಿಟ್ರೆ?"