ರೋಹಿಣಿಯ ಮೂಗು

"ನೀವು ನನ್ನ ಮಗಳ ಮೂಗು ನೋಡೂಕೆ ಬಂದವ್ರಾ, ನನ್ನ ಮನೆ ತಪ್ಪು ಹುಡುಕೂಕೆ ಬಂದವ್ರಾ?"

ಸಿದ್ದಾಪುರದ ಬಸ್ ಸ್ಟ್ಯಾಂಡಿನ ಹಿಂದೆ, ಮನೆಗೆ ಅಂಟಿಕೊಂಡ ಪುಟ್ಟ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ ಸಂಜಯ ಸಟ್ಟುಗ ಎತ್ತಿ ಹಿಡಿದೇ ಕೇಳಿದ. ಮಹೇಶ್ವರಿ ಟ್ಯಾಬಿನಿಂದ ಕಣ್ಣೆತ್ತಿದಳು. ಕೋಪದ ಮುಖ, ಆದರೆ ಒಲೆಯ ಹೊಗೆಗೆ ಕಣ್ಣಲ್ಲಿ ನೀರು. ಬೈಯುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯದಂತಿತ್ತು.

"ತಪ್ಪು ಹುಡುಕಾಕ ಅಲ್ರಿ. ಎಲ್ಲಾರ ಮನ್ಯಾಗೂ ಇದನ್ನ ಕೇಳ್ತೀನಿ."

ಅವಳು ಕೇಳಿದ್ದಿಷ್ಟೇ: ಅಡುಗೆಗೆ ಸೌದೆ ಒಲೆಯೇ? ಒಂದೇ ಕೋಣೆಯಲ್ಲಿ ಎಷ್ಟು ಜನ ಮಲಗುತ್ತೀರಿ? ಮಗುವಿಗೆ ಆಗಾಗ ನೆಗಡಿಯೇ? ಮನೆಯಲ್ಲಿ ಬೀಡಿ ಸೇದುವವರಿದ್ದಾರೆಯೇ? ಬನವಾಸಿಯ ಮಹೇಶ್ವರಿ ಓದು ಮುಗಿಸಿ ಒಂದು ವೈದ್ಯಕೀಯ ಅಧ್ಯಯನದ ಕೆಲಸಕ್ಕೆ ಸೇರಿದ್ದಳು. ಚಿಕ್ಕ ಮಕ್ಕಳ ಮೂಗಿನಲ್ಲಿ ನ್ಯುಮೋಕಾಕಸ್ ಎಂಬ ರೋಗಾಣು ಸದ್ದಿಲ್ಲದೆ ಮನೆ ಮಾಡಿಕೊಂಡಿರುತ್ತದೆ. ಯಾವ ಮಕ್ಕಳಲ್ಲಿ ಹೆಚ್ಚು, ಯಾಕೆ ಹೆಚ್ಚು ಎಂದು ಊರೂರು ತಿರುಗಿ ತಿಳಿಯುವುದು ಅವಳ ಕೆಲಸ. ಅಂಗನವಾಡಿಗೆ ಹೋಗುವ ರೋಹಿಣಿಯ ಮೂಗಿಗೂ ಬೆಳಿಗ್ಗೆ ತೆಳ್ಳನೆಯ ಕಡ್ಡಿ ಹಾಕಿ ಸ್ಯಾಂಪಲ್ ತೆಗೆದಿದ್ದಳು.

"ಎಲ್ಲರ ಮನೇಲೂ ಹೆಂಡತಿ ಎಲ್ಲಿ ಅಂತಾನೂ ಕೇಳ್ತೀರಾ?"

ಪಟ್ಟಿಯಲ್ಲಿದ್ದ ಮುಂದಿನ ಪ್ರಶ್ನೆಯೂ ತಾಯಿಯ ಬಗ್ಗೆಯೇ ಇತ್ತು. ಮಹೇಶ್ವರಿ ಟ್ಯಾಬ್ ಮುಚ್ಚಿದಳು. ರೋಹಿಣಿ ಇನ್ನೂ ಹಾಲು ಕುಡಿಯುವಾಗಲೇ ತಾಯಿ ತೀರಿಕೊಂಡಳೆಂದು ಅಂಗನವಾಡಿ ಟೀಚರ್ ಶಾರದವ್ವ ಆಗಲೇ ಹೇಳಿದ್ದರು. "ಅದನ್ನ ಕೇಳಂಗಿಲ್ರಿ," ಎಂದಳು ಮೆಲ್ಲಗೆ.

ಒಳಗಿನಿಂದ ಅವನ ಅಪ್ಪ ಕೆರಿಯ ಕೆಮ್ಮುತ್ತ ಕೂಗಿದರು. "ಬೀಡಿ ಸೇದೂದು ನಾನೇ ತಂಗಿ! ಬರ್ಕೊ!"

ಸಂಜಯ ಬಂದ ನಗುವನ್ನು ಹಲ್ಲು ಕಚ್ಚಿ ತಡೆದ. ಅದನ್ನು ಅವಳು ಕಂಡಳು. ಅವಳು ಕಂಡಿದ್ದನ್ನು ಅವನೂ ಕಂಡ. ಕಾವಲಿಯ ಮೇಲೆ ದೋಸೆ ಕರಕಲಾಯಿತು.

ಒಂದು ವಾರ ಕಳೆದಿರಬೇಕು. ಅಂಗನವಾಡಿಯ ಜಗಲಿಯಲ್ಲಿದ್ದಾಗ ಲ್ಯಾಬಿನಿಂದ ಫೋನ್ ಬಂತು. ನೆಟ್‌ವರ್ಕ್ ಸರಿಯಿರಲಿಲ್ಲ. ಮಹೇಶ್ವರಿ ದನಿ ಏರಿಸಿದಳು.

"ಯಾರ್ದು? ಹೋಟೆಲ್ ಸಂಜಯ ಅವ್ರ ರೋಹಿಣಿದು ಪಾಸಿಟಿವ್ ಏನ್ರಿ?"

ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ತಾಯಂದಿರು ತಟ್ಟನೆ ಸುಮ್ಮನಾದರು. ಆಡಬಾರದ್ದನ್ನು ಆಡಿಬಿಟ್ಟೆನೆಂದು ಅವಳಿಗೆ ಹೊಳೆಯುವಷ್ಟರಲ್ಲಿ ಮಾತು ಅಂಗಳ ದಾಟಿತ್ತು. ಮರುದಿನ ರೋಹಿಣಿಯ ಪಕ್ಕ ಯಾವ ಮಗುವೂ ಕೂರಲಿಲ್ಲ. ಅದರ ಮರುದಿನ ರೋಹಿಣಿಯೇ ಬರಲಿಲ್ಲ.

ಹೋಟೆಲಿಗೆ ಹೋದರೆ ಸಂಜಯ ತಲೆಯೆತ್ತಲಿಲ್ಲ. ಬೆಂಚಿನ ಮೇಲೆ ಕುಳಿತಿದ್ದ ರೋಹಿಣಿ ಮೂಗು ಮುಟ್ಟಿಕೊಂಡು ಕೇಳಿದಳು:

"ಅಕ್ಕಾ, ನನ್ನ ಮೂಗಲ್ಲಿ ಹುಳ ಇದ್ಯಂತೆ. ಅದು ಕಚ್ತದಾ?"

ಮಹೇಶ್ವರಿ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಇಲ್ಲ ಪುಟ್ಟಿ. ಅಂಥದ್ದು ಭಾಳ ಮಕ್ಕಳ ಮೂಗಿನಾಗ ಇರತದ. ಒಂದಿನ ತಾನ ಎದ್ದು ಹೋಗತದ," ಎಂದಳು.

"ಎಂತ ಹೇಳೂದು ನಿಮ್ಗೆ?" ಸಂಜಯ ತಲೆ ತಗ್ಗಿಸಿಯೇ ಕೇಳಿದ. "ಇವಳ ಅವ್ವ ಜ್ವರ ಬಂದೇ ಹೋದ್ಲು. ಆವತ್ತಿಂದ ಇವಳೊಂದು ಸೀನಿದ್ರೂ ನಂಗೆ ಜೀವ ಹೋಗ್ತದೆ. ನೀವು ಊರಿಗೆಲ್ಲ ಕೇಳೂ ಹಾಗೆ ಕೂಗಿದ್ರಿ."

"ತಪ್ಪು ನಂದ್ರಿ. ಊರ ಮುಂದ ಮಾಡಿದ್ದು, ಊರ ಮುಂದನ ಸರಿ ಮಾಡ್ತೀನಿ."

ಮರುದಿನ ಶಾರದವ್ವ ತಾಯಂದಿರನ್ನು ಕರೆಸಿದರು. ಸಂಜಯ ಮಗಳ ಕೈ ಹಿಡಿದು ಬಾಗಿಲ ಹೊರಗೇ ನಿಂತ. ಮಹೇಶ್ವರಿ ಎದ್ದು ನಿಂತಳು.

"ಒಂದು ಮಗೂನ ಹೆಸರು ಹಂಗ ಕೂಗಿದ್ದು ನನ್ನ ತಪ್ಪು. ಕ್ಷಮಿಸ್ರಿ," ಎಂದಳು. "ಇನ್ನೊಂದು ಮಾತು ಕೇಳ್ರಿ. ಇಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮೂಗಿನಾಗ ಅದೇ ರೋಗಾಣು ಅದ. ಮಕ್ಕಳು ಒತ್ತಿ ಕೂಡೂ ಕಡೆ ಇರತದ. ಅಣ್ಣ, ಅಕ್ಕ ಇರೂ ಮನ್ಯಾಗ, ನೆಗಡಿ ಬಂದಾಗ, ಒಲಿ ಹೊಗಿ, ಬೀಡಿ ಹೊಗಿ ತುಂಬಿದ ಕೋಣ್ಯಾಗ ಜಾಸ್ತಿ. ಅದು ಇದ್ರ ಜಡ್ಡು ಅಂತಲ್ಲ. ಒಮ್ಮೊಮ್ಮೆ ಮಾತ್ರ ಕಿವಿಗೆ, ಎದಿಗೆ ಇಳೀತದ. ಅದಕ್ಕ ಲಸಿಕೆ ತಪ್ಪಿಸಬ್ಯಾಡ್ರಿ. ಜ್ವರ ಬಂದು ಉಸಿರು ಜೋರಾದ್ರ ದವಾಖಾನಿಗೆ ಹೋಗಾಕ ತಡ ಮಾಡಬ್ಯಾಡ್ರಿ."

"ಹಂಗಾದ್ರೆ ನನ್ನ ಮಗನ ಮೂಗಲ್ಲೂ ಇರಬಹುದಾ?" ಒಬ್ಬ ತಾಯಿ ಕೇಳಿದಳು.

"ಇರಬಹುದ್ರಿ. ಇದ್ರ, ಅವನ್ನೂ ದೂರ ಕೂಡಸ್ತೀರೇನು?"

ಆ ಹೆಂಗಸು ತಲೆತಗ್ಗಿಸಿದಳು. ಆಮೇಲೆ ಎದ್ದು ಹೊರಗೆ ಹೋಗಿ, "ಬಾರೇ ರೋಹಿಣಿ, ಒಳಗೆ ಕೂತ್ಕ," ಎಂದು ಮಗುವನ್ನು ಎತ್ತಿಕೊಂಡಳು.

ಬಾಗಿಲಾಚೆ ಸಂಜಯ ಬರಿಗೈಯಲ್ಲಿ ನಿಂತಿದ್ದ. ಆ ಫೋನಿನ ನಂತರ ಮೊದಲ ಬಾರಿಗೆ ಮಹೇಶ್ವರಿಯನ್ನೇ ನೇರವಾಗಿ ನೋಡಿದ. ಹೊಗೆಯಿರಲಿಲ್ಲ, ಆದರೂ ಕಣ್ಣಲ್ಲಿ ನೀರಿತ್ತು.

ಅಂದಿನಿಂದ ಮಹೇಶ್ವರಿಯ ಮಧ್ಯಾಹ್ನದ ಊಟ ಸಂಜಯನ ಹೋಟೆಲಿನಲ್ಲೇ ಆಯಿತು. ಒಂದು ದಿನ ಹೋದರೆ ಅಡುಗೆಕೋಣೆಯ ಗೋಡೆಯಲ್ಲಿ ತೂತು, ಅದರಲ್ಲಿ ಹೊಸ ಹೊಗೆ ಕೊಳವೆ.

"ಈ ತೂತು ನಿಮ್ಮಿಂದ ಆದದ್ದು," ಎಂದ ಸಂಜಯ, ಸುಣ್ಣ ಮೆತ್ತಿದ ಮುಖದಲ್ಲಿ.

"ನಾ ಎಲ್ಲಿ ಕೊರದೆ?"

"ಕೊರೀತಾನೇ ಇದ್ರಲ್ಲ, ಹೊಗೆ ಹೊಗೆ ಅಂತ."

ರೋಹಿಣಿಯ ಹಾಸಿಗೆ ಒಲೆಯ ಪಕ್ಕದ ಕೋಣೆಯಿಂದ ಮುಂದಿನ ಹಾಲಿಗೆ ಬಂತು. ಕೆರಿಯ ಬೀಡಿ ಹಿಡಿದು ರಸ್ತೆಯಾಚೆಯ ಕಟ್ಟೆಗೆ ಹೋಗತೊಡಗಿದರು. "ನನ್ನ ಮನೇಲೇ ನಂಗೆ ಜಾಗ ಇಲ್ಲ ಮಾರಾಯ್ತಿ," ಎಂದು ದಾರಿಯಲ್ಲಿ ಸಿಕ್ಕಿದಾಗಲೆಲ್ಲ ದೂರುತ್ತಿದ್ದರು. ಅವರ ಕೆಮ್ಮು ಮಾತ್ರ ಕಡಿಮೆಯಾಗಿತ್ತು.

ಅವಳ ಎಲೆಗೆ ತಂಬುಳಿ ಬಡಿಸುವಾಗ ಸಂಜಯನ ಕೈ ಒಂದು ಕ್ಷಣ ಹೆಚ್ಚಿಗೆ ನಿಲ್ಲುತ್ತಿತ್ತು. ಅವಳು "ಸಾಕ್ರಿ" ಎನ್ನಲು ಒಂದು ಕ್ಷಣ ತಡಮಾಡುತ್ತಿದ್ದಳು. ಅವಳ 'ಬರ್ರಿ', 'ಹೋಗ್ರಿ'ಯನ್ನು ಅವನು ಅಣಕಿಸುತ್ತಿದ್ದ. ಅವನ 'ಎಂತ'ವನ್ನು ಅವಳು. ಅದಕ್ಕಿಂತ ಮುಂದಿನ ಮಾತು ಇಬ್ಬರ ಬಾಯಿಗೂ ಬರಲಿಲ್ಲ.

ಅಷ್ಟರಲ್ಲಿ ಸಿದ್ದಾಪುರದ ಕೆಲಸ ಮುಗಿದು ಅವಳನ್ನು ಯಲ್ಲಾಪುರಕ್ಕೆ ಕಳಿಸಿದರು. ಹೊರಡುವ ದಿನ ಸಂಜಯ ದಾರಿಗೆಂದು ಬನ್ಸ್ ಕಟ್ಟಿಕೊಟ್ಟ. "ಬಿಸಿ ಇದ್ದಾಗ್ಲೇ ತಿನ್ನಿ," ಎಂದ. ಬೇರೇನೋ ಹೇಳುವವನಿದ್ದ. ಗಿರಾಕಿಗಳು ಕರೆದರು, ತಿರುಗಿ ಹೋಗಿಬಿಟ್ಟ. ಶಿರಸಿ ದಾಟುವವರೆಗೂ ಅವಳು ಆ ಪೊಟ್ಟಣ ಬಿಚ್ಚಲಿಲ್ಲ.

ಯಲ್ಲಾಪುರದಲ್ಲೂ ಅವೇ ಪ್ರಶ್ನೆಗಳು. ಸೌದೆ ಒಲೆ ಎಂದಾಗಲೆಲ್ಲ ಒಂದೇ ಮುಖ ನೆನಪಾಗುತ್ತಿತ್ತು. ಕೊನೆಗೊಂದು ಭಾನುವಾರ ಬನವಾಸಿಗೆ ಹೋಗಿ ಅಪ್ಪ ಚಂದ್ರಶೇಖರಪ್ಪನ ಎದುರು ಸಂಜಯ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿದಳು. ಅವನ ಜಾತಿ ಬೇರೆ, ಮದುವೆಯಾಗಿತ್ತು, ಒಂದು ಮಗುವಿದೆ. ಅಪ್ಪ ಎದ್ದು ಹೊರಗೆ ನಡೆದರು. ಅವ್ವ ಅತ್ತಳು.

ಮುಂದಿನ ಭಾನುವಾರ ಅವಳು ಸಿದ್ದಾಪುರದಲ್ಲಿ ಬಸ್ಸಿಳಿದಳು. ಹೋಟೆಲಿನಲ್ಲಿ ಊಟದ ಗಲಾಟೆ ಮುಗಿಯುತ್ತಿತ್ತು.

ಸಂಜಯ ಸೌಟು ಹಿಡಿದೇ ನಿಂತುಬಿಟ್ಟ. "ಮತ್ತೆ ಸ್ಯಾಂಪಲ್ಲಾ?"

"ಇಲ್ರಿ. ಊಟಕ್ಕ ಬಂದೆ."

"ಯಲ್ಲಾಪುರದಲ್ಲಿ ಊಟ ಸಿಗೂದಿಲ್ವಾ?"

"ಸಿಗತದ. ಬಡಿಸಾಕ ನೀವಿರಂಗಿಲ್ಲ."

ಅವನು ಸೌಟು ಕೆಳಗಿಟ್ಟ. ಕೈ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. "ನಂಗೂ ನೀವು ಹೋದ ಮೇಲೆ ಯಾವುದೂ ರುಚಿ ಇಲ್ಲ. ಫೋನ್ ಎತ್ತೂದು, ಇಡೂದು. ಎಂತ ಹೇಳಿ ಕೇಳ್ಲಿ? ಹೊಗೆ ಹಿಡಿದ ಹೋಟೆಲು, ತಾಯಿಲ್ಲದ ಮಗು. ನಿಮ್ಮ ಮನೆಯವ್ರು ಒಪ್ಪೂದುಂಟಾ?"

"ಒಪ್ಪಿಲ್ರಿ. ಆದ್ರ ಅಪ್ಪ ನಿನ್ನೆ ಫೋನ್ ಮಾಡಿದ್ರು. 'ಅವ ತನ್ನ ಮಗಳನ್ನೂ ಕರಕೊಂಡು ಬರ್ಲಿ, ಮುಖ ನೋಡಿ ಮಾತಾಡೂಣು' ಅಂದ್ರು. ಬರ್ತೀರೇನು?"

ಅವನು ಹೂಂಗುಟ್ಟಿದ. ರೋಹಿಣಿ ಒಳಗಿನಿಂದ ಓಡಿಬಂದು ಅವಳ ಮಡಿಲಿಗೆ ಹತ್ತಿದಳು. ಸಂಜಯ ಎರಡು ಎಲೆ ಹಾಕಿದ. ಹೋಟೆಲ್ ತೆರೆದಿರುವಾಗ ಎಂದೂ ಊಟಕ್ಕೆ ಕೂರದವನು ಅವಳ ಎದುರಿಗೇ ಕುಳಿತ. ಬಾಗಿಲಲ್ಲಿ ಯಾರೋ "ಊಟ ಇದ್ಯಾ?" ಎಂದರು. ಕಟ್ಟೆಯಿಂದ ಕೆರಿಯ ಕೂಗಿದರು, "ಇವತ್ತು ಖಾಲಿ! ನಾಳೆ ಬನ್ನಿ!"

ಅವಳು ತುತ್ತು ಬಾಯಿಗಿಟ್ಟಳು. ಕಣ್ಣು ತುಂಬಿ ಬಂತು.

"ಎಂತ ಆಯ್ತು? ಖಾರ ಜಾಸ್ತಿಯಾಯ್ತಾ?" ಸಂಜಯ ಗಾಬರಿಯಾದ.

ಮಹೇಶ್ವರಿ ತಲೆಯಾಡಿಸಿ ನಕ್ಕಳು. ಈವರೆಗಿನ ಬಹುವಚನವನ್ನೆಲ್ಲ ಬಿಟ್ಟು, ಮೊದಲ ಸಲ ಹೇಳಿದಳು:

"ಇಲ್ಲ. ಇನ್ನೊಂದು ಸ್ವಲ್ಪ ಅನ್ನ ಹಾಕು."